ಜನರ ಲೆಕ್ಕವನ್ನು ನಕ್ಷೆಗೆ ಏರಿಸುವುದು ಹೇಗೆ: ಪ್ರಶ್ನೆಯಿಂದ ಬಣ್ಣದವರೆಗೆ ಹಂತ ಹಂತವಾಗಿ

ಮಾನವ ಭೂಗೋಳದ ಪ್ರಾಜೆಕ್ಟ್ ಮಾಡುವವರ ನಕ್ಷೆಗಳಲ್ಲಿ ಒಂದೇ ದೋಷ ಮತ್ತೆ ಮತ್ತೆ ಕಾಣುತ್ತದೆ. ಜನ ಜಾಸ್ತಿ ಇರುವ ಜಿಲ್ಲೆಗೆ ಗಾಢ ಬಣ್ಣ, ಕಡಿಮೆ ಇರುವುದಕ್ಕೆ ತಿಳಿ ಬಣ್ಣ. ವಿಷಯ ಅನಕ್ಷರತೆ ಇರಲಿ, ವಲಸೆ ಇರಲಿ, ರೋಗ ಇರಲಿ, ನಕ್ಷೆ ಮಾತ್ರ ಅದೇ. ಬೇರೆ ಬೇರೆ ಹೆಸರಿಟ್ಟು ಎಲ್ಲರೂ ಜನಸಂಖ್ಯೆಯ ನಕ್ಷೆಯನ್ನೇ ಬರೆಯುತ್ತಿರುತ್ತಾರೆ.

ಸಾಫ್ಟ್‌ವೇರ್ ಬಾರದ್ದಕ್ಕೆ ಹೀಗಾಗುವುದು ಕಡಿಮೆ. ಹೆಚ್ಚಿನವರು ಕೆಲಸವನ್ನು ಕೊನೆಯಿಂದ ಶುರು ಮಾಡುತ್ತಾರೆ: ಮೊದಲು ಫೈಲ್ ತೆರೆಯುವುದು, ಬಣ್ಣ ಹಚ್ಚುವುದು, ಆಮೇಲೆ ಇದು ಏನು ಹೇಳುತ್ತಿದೆ ಅಂತ ಯೋಚಿಸುವುದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಅದರ ಪೆಟ್ಟು ಎರಡು ಮೂರು ಹಂತ ಕಳೆದ ಮೇಲೆ ಗೊತ್ತಾಗುತ್ತದೆ, ಆಗ ಹಿಂದಕ್ಕೆ ಹೋಗಿ ಹುಡುಕುವುದು ಕಷ್ಟ.

ಇಡೀ ಬರಹಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: 60 ದಾಟಿದವರು ಎಲ್ಲಿ ಹೆಚ್ಚಿದ್ದಾರೆ, ಅವರಿಗೆ ಆಸ್ಪತ್ರೆ ಎಷ್ಟು ದೂರ?

## ಮೊದಲು ಇವು ಕೈಯಲ್ಲಿರಲಿ

ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಸಾಕು. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಜೊತೆಗೆ ಒಂದು ಸ್ಪ್ರೆಡ್‌ಶೀಟ್ ಪ್ರೋಗ್ರಾಂ ಬೇಕು.

ದತ್ತಾಂಶ ಎರಡು ಬಗೆಯದು. ಒಂದು, ಅಂಕಿಗಳ ಟೇಬಲ್: ಜನಗಣತಿ ಅಥವಾ ಸಮೀಕ್ಷೆಯದು. ಇನ್ನೊಂದು, ಗಡಿಗಳ ಫೈಲ್: ಜಿಲ್ಲೆಯೋ ವಾರ್ಡೋ ಯಾವ ಆಕಾರದಲ್ಲಿದೆ ಎಂದು ಹೇಳುವುದು. ರಸ್ತೆ, ಆಸ್ಪತ್ರೆ ಬೇಕಾದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಇಳಿಸಿಕೊಳ್ಳಬಹುದು. ಅದನ್ನು ಕಟ್ಟುವವರು ಸ್ವಯಂಸೇವಕರು, ಹಾಗಾಗಿ ಕೆಲವು ಕಡೆ ಗಲ್ಲಿ ಗಲ್ಲಿಯೂ ಇರುತ್ತದೆ, ಕೆಲವು ಕಡೆ ಊರೇ ಖಾಲಿ. ನಕ್ಷೆಯಲ್ಲಿ ಆಸ್ಪತ್ರೆ ಇಲ್ಲ ಅಂದ ಮಾತ್ರಕ್ಕೆ ನೆಲದ ಮೇಲೂ ಇಲ್ಲ ಅಂತ ತಿಳಿಯಬೇಡಿ.

ಗಡಿ ಫೈಲ್ ಶೇಪ್‌ಫೈಲ್ ರೂಪದಲ್ಲಿ ಸಿಕ್ಕರೆ ಅದರ ಎಲ್ಲ ಭಾಗಗಳನ್ನೂ ಒಂದೇ ಫೋಲ್ಡರ್‌ನಲ್ಲಿ ಇಡಿ. ಎಸ್‌ಎಚ್‌ಪಿ ಒಂದನ್ನೇ ಕಾಪಿ ಮಾಡಿಕೊಂಡು ಬಂದರೆ ಕೆಲಸಕ್ಕೆ ಬಾರದು. ಜೊತೆಯ ಎಸ್‌ಎಚ್‌ಎಕ್ಸ್, ಡಿಬಿಎಫ್ ಫೈಲ್‌ಗಳೂ ಕಡ್ಡಾಯ, ಪ್ರೊಜೆಕ್ಷನ್ ಯಾವುದೆಂದು ಹೇಳುವ ಪಿಆರ್‌ಜೆ ಫೈಲ್ ಇಲ್ಲದಿದ್ದರೆ ಹಂತ 5ರಲ್ಲಿ ಪರದಾಡುತ್ತೀರಿ. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರಿಗೆ 10 ಅಕ್ಷರದ ಮಿತಿ ಬೇರೆ ಇದೆ. ತೆರೆದ ತಕ್ಷಣ ಜಿಯೋಪ್ಯಾಕೇಜ್ ಎಂಬ ಒಂದೇ ಫೈಲ್‌ನ ರೂಪದಲ್ಲಿ ಉಳಿಸಿಕೊಂಡರೆ ಈ ತಲೆನೋವು ಇರುವುದಿಲ್ಲ.

## ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಕಂಪ್ಯೂಟರ್ ಆಮೇಲೆ, ಮೊದಲು ಹಾಳೆ. ವಾಕ್ಯದಲ್ಲಿ ಮೂರು ಸಂಗತಿ ಇರಬೇಕು: ಯಾರ ಬಗ್ಗೆ, ಎಲ್ಲಿ, ಯಾವುದಕ್ಕೆ ಹೋಲಿಸಿ.

'ವೃದ್ಧರ ನಕ್ಷೆ' ಎನ್ನುವುದು ಪ್ರಶ್ನೆಯಲ್ಲ, ಬರೀ ವಿಷಯ. 'ಈ ನಗರದ ಯಾವ ವಾರ್ಡ್‌ಗಳಲ್ಲಿ 60 ದಾಟಿದವರ ಪಾಲು ನಗರದ ಸರಾಸರಿಗಿಂತ ಹೆಚ್ಚು, ಅಲ್ಲಿಂದ ಆಸ್ಪತ್ರೆಗೆ ನಡೆದು ಹೋಗಲು ಎಷ್ಟು ದೂರ?' ಎಂದು ಬರೆದರೆ ಮುಂದಿನ ಅರ್ಧ ನಿರ್ಧಾರಗಳು ತಾನಾಗಿಯೇ ಆಗುತ್ತವೆ. 'ಪಾಲು' ಅಂದಿದ್ದೀರಿ, ಹಾಗಾಗಿ ಭಾಗಾಕಾರ ಬೇಕು. 'ಸರಾಸರಿಗಿಂತ' ಅಂದಿದ್ದೀರಿ, ಹಾಗಾಗಿ ಬಣ್ಣದ ನಡು ಬಿಂದು ಸಿಕ್ಕಿತು. 'ನಡೆದು' ಅಂದಿದ್ದೀರಿ, ಹಾಗಾಗಿ ರಸ್ತೆಯ ದತ್ತಾಂಶ ಬೇಕು.

ಎಚ್ಚರಿಕೆಯ ಗುರುತು: ವಾಕ್ಯದಿಂದ 'ಎಲ್ಲಿ' ತೆಗೆದರೂ ಪ್ರಶ್ನೆ ಹಾಗೇ ನಿಲ್ಲುತ್ತದೆಯೇ? ಹಾಗಿದ್ದರೆ ನಿಮಗೆ ನಕ್ಷೆಯೇ ಬೇಡ. ಒಂದು ಬಾರ್ ಚಾರ್ಟ್ ಸಾಕು, ಅದೇ ಚೆನ್ನಾಗಿ ಕಾಣುತ್ತದೆ.

## ಹಂತ 2: ಯಾವ ಅಳತೆಯ ತುಂಡು ಎಂದು ತೀರ್ಮಾನಿಸಿ

ರಾಜ್ಯವೋ, ಜಿಲ್ಲೆಯೋ, ವಾರ್ಡೋ? ಹೆಚ್ಚಿನವರು ಸಿಕ್ಕಿದ ಫೈಲ್ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಆದರೆ ಗಡಿ ಬದಲಾದರೆ ಉತ್ತರವೇ ಬದಲಾಗುತ್ತದೆ. ಇದನ್ನು ಹಾಳೆಯ ಮೇಲೆ ಮಾಡಿ ನೋಡಿ.

ನಾಲ್ಕು ಬಡಾವಣೆ ಇವೆ ಎನ್ನಿ. ಎರಡು ಮೇಲೆ, ಎರಡು ಕೆಳಗೆ. ಒಂದೊಂದರಲ್ಲೂ 100 ಜನ. ಎಡಗಡೆಯ ಎರಡರಲ್ಲಿ ತಲಾ 40 ವೃದ್ಧರು, ಬಲಗಡೆಯ ಎರಡರಲ್ಲಿ ತಲಾ 10. ಈಗ ಮೇಲಿಂದ ಕೆಳಕ್ಕೆ ಗೆರೆ ಎಳೆದು ಎರಡು ವಾರ್ಡ್ ಮಾಡಿ. ಎಡ ವಾರ್ಡ್ ಶೇ. 40, ಬಲ ವಾರ್ಡ್ ಶೇ. 10. ನಗರ ಎರಡು ಹೋಳಾದ ಹಾಗೆ ಕಾಣುತ್ತದೆ. ಅದೇ ಗೆರೆಯನ್ನು ಅಡ್ಡಕ್ಕೆ ಎಳೆಯಿರಿ. ಮೇಲಿನ ವಾರ್ಡ್ ಶೇ. 25, ಕೆಳಗಿನದ್ದೂ ಶೇ. 25. ವ್ಯತ್ಯಾಸವೇ ಇಲ್ಲ! ಒಬ್ಬ ಮನುಷ್ಯನೂ ಮನೆ ಬದಲಿಸಿಲ್ಲ, ಬದಲಾಗಿದ್ದು ಗೆರೆ ಮಾತ್ರ.

ಭೂಗೋಳದವರು ಇದಕ್ಕೆ ಬದಲಾಗುವ ಪ್ರದೇಶ ಘಟಕದ ಸಮಸ್ಯೆ ಎನ್ನುತ್ತಾರೆ. ಓಪನ್‌ಶಾ ಮತ್ತು ಟೇಲರ್ 1979ರಲ್ಲಿ ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳನ್ನು (ನಮ್ಮ ಜಿಲ್ಲೆಯಂಥವು) ಬೇರೆ ಬೇರೆ ರೀತಿ ಗುಂಪು ಮಾಡಿ ನೋಡಿದರು. ವೃದ್ಧರ ಪಾಲಿಗೂ ಒಂದು ಪಕ್ಷದ ಮತಕ್ಕೂ ಇರುವ ಸಂಬಂಧ (-1ರಿಂದ +1ರವರೆಗಿನ ಅಂಕಿ; ಋಣ ಎಂದರೆ ಒಂದು ಹೆಚ್ಚಿದಂತೆ ಇನ್ನೊಂದು ಕಡಿಮೆ), ಗುಂಪು ಮಾಡುವ ರೀತಿಗೆ ತಕ್ಕಂತೆ ಬಲವಾದ ಋಣದಿಂದ ಬಲವಾದ ಧನದವರೆಗೂ ಓಡಾಡಿತು. ದತ್ತಾಂಶ ಒಂದೇ, ಬೇಕಾದ ಉತ್ತರ ತೆಗೆಯಬಹುದು ಅಂತಾಯಿತು.

ಹಾಗಾದರೆ ಏನು ಮಾಡುವುದು? ಸಿಗುವ ಅತಿ ಚಿಕ್ಕ ತುಂಡಿನಿಂದ ಶುರು ಮಾಡಿ. ಚಿಕ್ಕದರಿಂದ ದೊಡ್ಡದಕ್ಕೆ ಕೂಡಿಸಬಹುದು, ದೊಡ್ಡದನ್ನು ಒಡೆಯಲು ಆಗುವುದಿಲ್ಲ. ಆಮೇಲೆ ಎರಡು ಮಟ್ಟದಲ್ಲಿ ನಕ್ಷೆ ಮಾಡಿ ಅಕ್ಕಪಕ್ಕ ಇಡಿ. ಎರಡೂ ಒಂದೇ ಕಥೆ ಹೇಳಿದರೆ ಧೈರ್ಯವಾಗಿ ಮುಂದುವರಿಯಿರಿ.

ಸಾಮಾನ್ಯ ತಪ್ಪು: ಶೇಕಡಾವಾರುಗಳ ಸರಾಸರಿ ತೆಗೆಯುವುದು. 1,000 ಜನರ ವಾರ್ಡ್‌ನಲ್ಲಿ ಶೇ. 30, 9,000 ಜನರ ವಾರ್ಡ್‌ನಲ್ಲಿ ಶೇ. 10 ಇದ್ದರೆ ಎರಡೂ ಸೇರಿ ಶೇ. 20 ಆಗುವುದಿಲ್ಲ. 300 ಮತ್ತು 900 ಕೂಡಿ 1,200, ಅದನ್ನು 10,000ದಿಂದ ಭಾಗಿಸಿ: ಶೇ. 12. ಕೂಡಿಸುವಾಗ ಯಾವಾಗಲೂ ಮೂಲ ಎಣಿಕೆಗೆ ಹೋಗಿ.

## ಹಂತ 3: ಟೇಬಲ್ ಶುಚಿ ಮಾಡಿ

ಬೇಸರದ ಕೆಲಸ. ಆದರೂ ನಕ್ಷೆ ಕೆಡುವುದು ಇಲ್ಲೇ ಜಾಸ್ತಿ.

ಒಂದು ಸಾಲಿಗೆ ಒಂದು ಪ್ರದೇಶ. ಒಂದೇ ತಲೆಬರಹದ ಸಾಲು. ವಿಲೀನವಾದ ಸೆಲ್‌ಗಳನ್ನು ಬಿಡಿಸಿ. ಕೊನೆಯಲ್ಲಿರುವ 'ಒಟ್ಟು' ಸಾಲನ್ನು ತೆಗೆಯಿರಿ, ಇಲ್ಲದಿದ್ದರೆ ಕೂಡುವಾಗ ಎಲ್ಲವೂ ಎರಡು ಪಟ್ಟು. 1,24,500 ಎಂದು ಅಲ್ಪವಿರಾಮ ಹಾಕಿದ ಸಂಖ್ಯೆಯನ್ನು ಸಾಫ್ಟ್‌ವೇರ್ ಅಕ್ಷರ ಅಂತ ಓದಿಬಿಡಬಹುದು. 124500 ಎಂದೇ ಇಡಿ. ಗೀಟು, 'ಲಭ್ಯವಿಲ್ಲ' ಮುಂತಾದವು ಇರುವ ಸೆಲ್ ಖಾಲಿ ಬಿಡಿ. ಅಲ್ಲಿ ಸೊನ್ನೆ ಹಾಕಬೇಡಿ. 'ಯಾರೂ ಇಲ್ಲ' ಬೇರೆ, 'ಎಣಿಸಿಲ್ಲ' ಬೇರೆ ಅಲ್ವಾ?

ಇನ್ನು ಕೋಡ್. ಪ್ರತಿ ಪ್ರದೇಶಕ್ಕೂ ಜನಗಣತಿಯವರು ಒಂದು ಕೋಡ್ ಕೊಟ್ಟಿರುತ್ತಾರೆ. ಅದು 007 ಆಗಿದ್ದರೆ ಸ್ಪ್ರೆಡ್‌ಶೀಟ್ ತೆರೆದ ಕೂಡಲೇ ಸುಮ್ನೆ 7 ಮಾಡಿಬಿಡುತ್ತದೆ, ನಿಮ್ಮನ್ನು ಕೇಳುವುದೂ ಇಲ್ಲ. ಡಬಲ್ ಕ್ಲಿಕ್ ಮಾಡಿ ಫೈಲ್ ತೆರೆಯಬೇಡಿ. 'ಇಂಪೋರ್ಟ್' ಮೂಲಕ ತಂದು ಕೋಡ್ ಕಾಲಂ 'ಟೆಕ್ಸ್ಟ್' ಎಂದು ಹೇಳಿ. ಕೊನೆಗೆ ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸರಳ ಟೇಬಲ್) ಆಗಿ, ಅಕ್ಷರ ಸಂಕೇತ ಯುಟಿಎಫ್-8 ಎಂದು ಆರಿಸಿ ಉಳಿಸಿ. ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದಿದ್ದರೆ ಈ ಯುಟಿಎಫ್-8 ತಪ್ಪಿದೆ ಎಂದರ್ಥ.

## ಹಂತ 4: ಟೇಬಲ್ ಮತ್ತು ಗಡಿಯನ್ನು ಜೋಡಿಸಿ

ಕ್ಯೂಜಿಐಎಸ್‌ನಲ್ಲಿ ತೆರೆದ ಒಂದೊಂದು ಫೈಲೂ ಒಂದು ಲೇಯರ್. ಗಡಿ ಲೇಯರ್‌ನ ಪ್ರಾಪರ್ಟೀಸ್ ತೆರೆದು 'ಜಾಯಿನ್ಸ್'ಗೆ ಹೋಗಿ. ಎರಡೂ ಕಡೆಯ ಕೋಡ್ ಕಾಲಂ ಆರಿಸಿ. ಹೆಸರಿನ ಮೇಲೆ ಜೋಡಿಸಬೇಡಿ, ಎಷ್ಟೇ ಆಸೆಯಾದರೂ. ಒಂದು ಕಡೆ 'ಉತ್ತರ ವಾರ್ಡ್', ಇನ್ನೊಂದು ಕಡೆ 'ವಾರ್ಡ್ ಉತ್ತರ' ಇದ್ದರೆ, ಅಥವಾ ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಉಳಿದಿದ್ದರೆ, ಸಾಫ್ಟ್‌ವೇರ್‌ಗೆ ಅವೆರಡೂ ಬೇರೆ ಬೇರೆ ಊರು.

ಜೋಡಿಸಿದ ತಕ್ಷಣ ಅಟ್ರಿಬ್ಯೂಟ್ ಟೇಬಲ್ ತೆರೆದು ಮೂರು ನೋಡಿ. 'ನಲ್' (ಬೆಲೆಯೇ ಇಲ್ಲ) ಎಂದು ಬಂದ ಸಾಲು ಎಷ್ಟು? ಎಲ್ಲವೂ ನಲ್ ಆಗಿದ್ದರೆ ಒಂದು ಕೋಡ್ ಅಕ್ಷರ, ಇನ್ನೊಂದು ಸಂಖ್ಯೆ ಇರಬಹುದು. ಒಂದೇ ಕೋಡ್ ಟೇಬಲ್‌ನಲ್ಲಿ ಎರಡು ಬಾರಿ ಇದೆಯೇ? ಇದ್ದರೆ ಜಾಯಿನ್ ಒಂದನ್ನು ಮಾತ್ರ ತೆಗೆದುಕೊಂಡು ಇನ್ನೊಂದನ್ನು ಸದ್ದಿಲ್ಲದೆ ಬಿಡುತ್ತದೆ. ನಕ್ಷೆಯಲ್ಲಿರುವ ಎಲ್ಲ ಜನರ ಮೊತ್ತ, ಮೂಲ ಟೇಬಲ್‌ನ ಮೊತ್ತಕ್ಕೆ ಸಮವೇ? ಈ ಮೂರನೆಯದು ಒಂದೇ ನಿಮಿಷದ ಕೆಲಸ. ಹತ್ತು ತಪ್ಪಿನಲ್ಲಿ ಒಂಬತ್ತನ್ನು ಇದೇ ಹಿಡಿಯುತ್ತದೆ ಎಂದರೂ ಉತ್ಪ್ರೇಕ್ಷೆಯಲ್ಲ.

ಗಡಿ ಮತ್ತು ಅಂಕಿ ಒಂದೇ ಕಾಲದ್ದಾಗಿರಲಿ. 2011ರ ಲೆಕ್ಕವನ್ನು ಇವತ್ತಿನ ಗಡಿಯ ಮೇಲೆ ಹಾಕಿದರೆ, ನಡುವೆ ಒಡೆದು ಹುಟ್ಟಿದ ಹೊಸ ಜಿಲ್ಲೆಗಳು ಖಾಲಿ ಬರುತ್ತವೆ. ಅದು ಎಷ್ಟೋ ವಾಸಿ, ಕಣ್ಣಿಗೆ ಕಾಣುತ್ತದೆ. ಹಳೆಯ ಹೆಸರನ್ನೇ ಉಳಿಸಿಕೊಂಡು ಅರ್ಧಕ್ಕೆ ಕುಗ್ಗಿದ ಜಿಲ್ಲೆಯೇ ಅಪಾಯ. ಅಂಕಿ ಇಡೀ ಹಳೆಯ ಜಿಲ್ಲೆಯದು, ಆಕಾರ ಮಾತ್ರ ಅರ್ಧ.

ಎಲ್ಲ ಸರಿ ಇದ್ದರೆ ಲೇಯರ್ ಅನ್ನು ಹೊಸ ಜಿಯೋಪ್ಯಾಕೇಜ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಜಾಯಿನ್ ತಾತ್ಕಾಲಿಕ. ಸಿಎಸ್‌ವಿ ಫೈಲ್ ಜಾಗ ಬದಲಿಸಿದರೆ ಕಳಚಿಕೊಳ್ಳುತ್ತದೆ.

## ಹಂತ 5: ಪ್ರೊಜೆಕ್ಷನ್ ಸರಿಪಡಿಸಿ

ಗುಂಡಗಿರುವ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ರೀತಿಯೇ ಪ್ರೊಜೆಕ್ಷನ್. ಹಾಗೆ ಇಳಿಸುವಾಗ ಏನಾದರೂ ಒಂದು ಕೆಡಲೇಬೇಕು: ಆಕಾರ, ವಿಸ್ತೀರ್ಣ ಅಥವಾ ದೂರ. ಯಾವುದು ಕೆಡಬಾರದು ಎಂಬುದನ್ನು ಪ್ರಶ್ನೆಯೇ ಹೇಳುತ್ತದೆ.

ವೆಬ್ ನಕ್ಷೆಗಳ ಹಿನ್ನೆಲೆಗೆ ಬಳಸುವ ವೆಬ್ ಮರ್ಕೇಟರ್ ಧ್ರುವದ ಕಡೆ ಹೋದಂತೆ ಎಲ್ಲವನ್ನೂ ಹಿಗ್ಗಿಸುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ವಿಸ್ತೀರ್ಣ ನಾಲ್ಕು ಪಟ್ಟು ಕಾಣುತ್ತದೆ. ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುವುದು ಇದಕ್ಕೇ. ಆಫ್ರಿಕಾ ನಿಜಕ್ಕೂ ಅದರ ಸುಮಾರು 14 ಪಟ್ಟು. ಬಣ್ಣ ತುಂಬಿದ ನಕ್ಷೆಯಲ್ಲಿ ಓದುಗರ ಕಣ್ಣು ಹೋಗುವುದು ವಿಸ್ತೀರ್ಣದ ಮೇಲೆ. ಹಾಗಾಗಿ ಪ್ರಪಂಚದ ನಕ್ಷೆಗೆ ಈಕ್ವಲ್ ಅರ್ಥ್ ಅಥವಾ ಮೋಲ್‌ವೈಡ್‌ನಂಥ ಸಮ ವಿಸ್ತೀರ್ಣದ ಪ್ರೊಜೆಕ್ಷನ್ ಬಳಸಿ. ದೇಶದ ಮಟ್ಟಕ್ಕೆ ಆಲ್ಬರ್ಸ್ ಚೆನ್ನ.

ನಗರದೊಳಗೆ ದೂರ ಅಳೆಯಬೇಕೆ? ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪ್ರೊಜೆಕ್ಷನ್ ಸಾಕು. ಭೂಮಿಯನ್ನು 6 ಡಿಗ್ರಿಯ 60 ವಲಯ ಮಾಡಿದ್ದಾರೆ. ನಿಮ್ಮ ವಲಯ ತಿಳಿಯಲು ಪೂರ್ವ ರೇಖಾಂಶಕ್ಕೆ 180 ಕೂಡಿ, 6ರಿಂದ ಭಾಗಿಸಿ, ದಶಾಂಶ ಬಿಟ್ಟು 1 ಕೂಡಿ. ರೇಖಾಂಶ 77 ಆದರೆ 257ನ್ನು 6ರಿಂದ ಭಾಗಿಸಿದಾಗ 42 ಚಿಲ್ಲರೆ, ಅಂದರೆ ವಲಯ 43. ಉತ್ತರಾರ್ಧ ಗೋಳಕ್ಕೆ ಅದರ ಕೋಡ್ ಇಪಿಎಸ್‌ಜಿ 32643. ದಕ್ಷಿಣಕ್ಕೆ 32743.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಕ್ಯೂಜಿಐಎಸ್‌ನಲ್ಲಿ 'ಸೆಟ್ ಲೇಯರ್ ಸಿಆರ್‌ಎಸ್' (ಸಿಆರ್‌ಎಸ್ ಎಂದರೆ ನಿರ್ದೇಶಾಂಕ ವ್ಯವಸ್ಥೆ) ಬೇರೆ, 'ರಿಪ್ರಾಜೆಕ್ಟ್ ಲೇಯರ್' ಬೇರೆ. ಮೊದಲನೆಯದು ಡಬ್ಬಿಯ ಮೇಲಿನ ಚೀಟಿ ಬದಲಿಸಿದ ಹಾಗೆ, ಒಳಗಿನ ಸಾಮಾನು ಅದೇ. ಎರಡನೆಯದು ಒಳಗಿನ ಸಂಖ್ಯೆಗಳನ್ನೇ ಹೊಸದಾಗಿ ಲೆಕ್ಕ ಹಾಕುತ್ತದೆ. ಡಿಗ್ರಿಯಲ್ಲಿರುವ ಫೈಲ್‌ಗೆ 'ಸೆಟ್' ಒತ್ತಿ ಯುಟಿಎಂ ಎಂದರೆ, 77 ಡಿಗ್ರಿ ಹೋಗಿ 77 ಮೀಟರ್ ಆಗುತ್ತದೆ. ನಿಮ್ಮ ಇಡೀ ರಾಜ್ಯ ಒಂದು ಕೋಣೆಯಷ್ಟು ಜಾಗದಲ್ಲಿ ಮುದುಡಿ, ಎಲ್ಲೋ ಮೂಲೆಯಲ್ಲಿ ಚುಕ್ಕೆಯಾಗಿ ಬಿದ್ದಿರುತ್ತದೆ. ಬೇಕಾದದ್ದು ಯಾವಾಗಲೂ 'ರಿಪ್ರಾಜೆಕ್ಟ್'. 'ಸೆಟ್' ಬೇಕಾಗುವುದು ಪಿಆರ್‌ಜೆ ಕಳೆದುಹೋದ ಫೈಲ್‌ಗೆ ಮಾತ್ರ.

ಎಚ್ಚರಿಕೆಯ ಗುರುತುಗಳು: ಆಸ್ಪತ್ರೆಯ ಚುಕ್ಕೆಗಳು ಆಫ್ರಿಕಾದ ಪಶ್ಚಿಮದ ಗಿನಿ ಕೊಲ್ಲಿಯಲ್ಲಿ ಗುಂಪಾಗಿ ತೇಲುತ್ತಿದ್ದರೆ ಅವುಗಳ ಅಕ್ಷಾಂಶ, ರೇಖಾಂಶ ಎರಡೂ ಸೊನ್ನೆ. ಅಂದರೆ ಖಾಲಿ ಸೆಲ್‌ಗೆ ಯಾರೋ 0 ತುಂಬಿದ್ದಾರೆ. ಅಕ್ಷಾಂಶ 13, ರೇಖಾಂಶ 77 ಇರಬೇಕಾದ ಊರು ಉತ್ತರ ಧ್ರುವದ ಕಡೆ, ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರ ಕಂಡರೆ ಎರಡೂ ಅದಲುಬದಲಾಗಿವೆ. ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ನಾವು ಬಾಯಲ್ಲಿ ಹೇಳುವುದು ಉಲ್ಟಾ ಆದ್ದರಿಂದ ಇದು ಎಲ್ಲರಿಗೂ ಆಗುತ್ತದೆ. ಇನ್ನು ವಿಸ್ತೀರ್ಣ 0.0031 ಎಂದು ಬಂದರೆ ಅದು ಚದರ ಡಿಗ್ರಿ. ಅದರಿಂದ ಏನೂ ಉಪಯೋಗವಿಲ್ಲ.

## ಹಂತ 6: ಭಾಗಿಸಿ, ಆದರೆ ಸರಿಯಾದ ಛೇದದಿಂದ

ಬಣ್ಣ ತುಂಬುವ ನಕ್ಷೆಗೆ ನೇರ ಎಣಿಕೆ ಹಾಕಬೇಡಿ. ಅನುಪಾತ ಹಾಕಿ. ಎಣಿಕೆಯನ್ನೇ ತೋರಿಸಬೇಕೆಂದಿದ್ದರೆ ಪ್ರತಿ ಪ್ರದೇಶದ ಮೇಲೆ ಸಣ್ಣ-ದೊಡ್ಡ ವೃತ್ತಗಳನ್ನು ಇಡಿ.

ಛೇದ ಯಾವುದು ಎನ್ನುವುದು ಈ ಕೆಲಸದಲ್ಲಿ ಅತಿ ಹೆಚ್ಚು ಯೋಚನೆ ಬೇಡುವ ಜಾಗ. ವೃದ್ಧರ ಪಾಲಿಗೆ ಒಟ್ಟು ಜನಸಂಖ್ಯೆ ಸರಿ. ಅನಕ್ಷರತೆಗೆ ಹಾಗೆ ಮಾಡಿದರೆ ಕೈಕೂಸುಗಳೂ ಅನಕ್ಷರಸ್ಥರಾಗುತ್ತವೆ. ಭಾರತದ ಜನಗಣತಿ ಸಾಕ್ಷರತೆಯನ್ನು 7 ವರ್ಷ ಮತ್ತು ಮೇಲಿನವರಿಗೆ ಮಾತ್ರ ಲೆಕ್ಕ ಹಾಕುವುದು ಇದಕ್ಕೇ. ಹೆರಿಗೆಯ ಪ್ರಮಾಣಕ್ಕೆ ಹೆರುವ ವಯಸ್ಸಿನ ಹೆಂಗಸರು ಛೇದ. ಕಳ್ಳತನಕ್ಕೆ? ಇಲ್ಲಿ ಗಮ್ಮತ್ತಿದೆ.

ಜನಗಣತಿ ಎಣಿಸುವುದು ರಾತ್ರಿ ಮಲಗುವ ಜಾಗದಲ್ಲಿ. ಲಂಡನ್ನಿನ ಹಳೆಯ ನಡುಭಾಗ, ಸಿಟಿ ಆಫ್ ಲಂಡನ್, 2021ರ ಜನಗಣತಿಯಲ್ಲಿ ಸುಮಾರು 8,600 ನಿವಾಸಿಗಳನ್ನು ಹೊಂದಿತ್ತು. ಅಲ್ಲಿ ಕೆಲಸ ಮಾಡುವವರು 5 ಲಕ್ಷಕ್ಕಿಂತ ಹೆಚ್ಚು. ಅಲ್ಲಿನ ಜೇಬುಗಳ್ಳತನವನ್ನು ನಿವಾಸಿಗಳಿಂದ ಭಾಗಿಸಿದರೆ ಅದು ಭಯಂಕರ ಜಾಗವಾಗಿ ಕಾಣುತ್ತದೆ. ಜೇಬು ಇರುವುದು ಹಗಲು ಬಂದು ಹೋಗುವವರದ್ದು, ಅವರು ಛೇದದಲ್ಲೇ ಇಲ್ಲ. ಮಾರುಕಟ್ಟೆ, ವಿಮಾನ ನಿಲ್ದಾಣ, ಯಾತ್ರಾ ಸ್ಥಳ ಎಲ್ಲಕ್ಕೂ ಇದೇ ಕಥೆ. 'ಇದು ಯಾರಿಗೆ ಆಗಬಹುದಿತ್ತು?' ಎಂದು ಕೇಳಿಕೊಳ್ಳಿ. ಆ ಜನರೇ ಛೇದ.

ಎರಡನೆಯ ತೊಡಕು ಸಣ್ಣ ಸಂಖ್ಯೆಯದು. 50 ಜನರ ಹಳ್ಳಿಯಲ್ಲಿ ಒಬ್ಬರಿಗೆ ರೋಗ ಬಂದರೆ ಶೇ. 2, ಬರದಿದ್ದರೆ 0. ಅಮೆರಿಕದ ಕೌಂಟಿ ನಕ್ಷೆಯಲ್ಲಿ ಮೂತ್ರಪಿಂಡದ ಕ್ಯಾನ್ಸರ್ ಅತಿ ಹೆಚ್ಚಿರುವುದು ಜನ ವಿರಳವಾದ ಹಳ್ಳಿಗಾಡಿನ ಕೌಂಟಿಗಳಲ್ಲಿ. ಅತಿ ಕಡಿಮೆ ಇರುವುದೂ ಅಂಥ ಕೌಂಟಿಗಳಲ್ಲೇ! ಹಳ್ಳಿಯ ಗಾಳಿಗೂ ಆಹಾರಕ್ಕೂ ಇದರಲ್ಲಿ ಪಾತ್ರವಿಲ್ಲ. ಜನ ಕಡಿಮೆ ಇದ್ದಷ್ಟೂ ದರ ಸಿಕ್ಕಾಪಟ್ಟೆ ಜಿಗಿಯುತ್ತದೆ, ಅಷ್ಟೇ. ಹಲವು ವರ್ಷಗಳ ಲೆಕ್ಕ ಕೂಡಿಸಿ, ಅಥವಾ ಸಣ್ಣ ಪ್ರದೇಶಗಳನ್ನು ನೆರೆಯವುಗಳ ಜೊತೆ ಸೇರಿಸಿ. ಅದೂ ಆಗದಿದ್ದರೆ ಇಂಥ ಪ್ರದೇಶಗಳಿಗೆ ಗೀಟು ಹಾಕಿ ಬೇರೆಯಾಗಿ ತೋರಿಸಿ.

ಲೆಕ್ಕವನ್ನು ಫೀಲ್ಡ್ ಕ್ಯಾಲ್ಕ್ಯುಲೇಟರ್‌ನಲ್ಲಿ ಮಾಡುವಾಗ ಹೊಸ ಕಾಲಂ ದಶಾಂಶದ್ದಾಗಿರಲಿ. ಪೂರ್ಣಾಂಕ ಎಂದೇ ಬಿಟ್ಟರೆ 0.14, 0.22 ಎಲ್ಲ ಸೇರಿ ಕಾಲಂ ತುಂಬಾ ಸೊನ್ನೆ.

## ಹಂತ 7: ವರ್ಗಗಳನ್ನು ಕಣ್ಣಿಟ್ಟು ಮಾಡಿ

ಮೊದಲು ಹಿಸ್ಟೋಗ್ರಾಂ (ಯಾವ ಬೆಲೆ ಎಷ್ಟು ಬಾರಿ ಬಂದಿದೆ ಎಂಬ ಚಿತ್ರ) ನೋಡಿ, ಆಮೇಲೆ ವರ್ಗ, ಅಂದರೆ ಒಂದೇ ಬಣ್ಣ ಪಡೆಯುವ ಬೆಲೆಗಳ ಗುಂಪು. ಹತ್ತು ಪ್ರದೇಶಗಳ ಬೆಲೆ ಹೀಗಿದೆ ಎನ್ನಿ: 2, 3, 4, 5, 6, 7, 8, 9, 28, 31. ಐದು ವರ್ಗ ಮಾಡಬೇಕು.

ಸಮ ಅಂತರದಲ್ಲಿ ಮಾಡಿದರೆ ಮೊದಲ ವರ್ಗಕ್ಕೆ ಆರು, ಎರಡನೆಯದಕ್ಕೆ ಎರಡು, ನಡುವಿನ ಎರಡು ವರ್ಗ ಖಾಲಿ, ಕೊನೆಯದಕ್ಕೆ ಎರಡು. ನಕ್ಷೆ ಪೂರ್ತಿ ತಿಳಿ ಬಣ್ಣ, ಎರಡು ಕಪ್ಪು ಮಚ್ಚೆ. ಸಮ ಸಂಖ್ಯೆಯಲ್ಲಿ, ಅಂದರೆ ಕ್ವಾಂಟೈಲ್‌ನಲ್ಲಿ ಮಾಡಿದರೆ ಪ್ರತಿ ವರ್ಗಕ್ಕೂ ಎರಡೆರಡು. ನಕ್ಷೆ ಬಣ್ಣಬಣ್ಣವಾಗಿ ಚೆಂದ ಕಾಣುತ್ತದೆ. ಆದರೆ 3ರಿಂದ 4ಕ್ಕೂ ಒಂದು ಬಣ್ಣದ ಮೆಟ್ಟಿಲು, 9ರಿಂದ 28ಕ್ಕೂ ಒಂದೇ ಮೆಟ್ಟಿಲು. ಇಲ್ಲದ ವ್ಯತ್ಯಾಸ ಹುಟ್ಟಿಕೊಂಡಿತು, ಇದ್ದ ಕಂದಕ ಮುಚ್ಚಿಹೋಯಿತು.

ನೈಸರ್ಗಿಕ ಬಿರುಕು ಎಂಬ ಜೆಂಕ್ಸ್ ವಿಧಾನ ಸಂಖ್ಯೆಗಳ ನಡುವಿನ ಕಂದಕ ಹುಡುಕಿ ಅಲ್ಲಿ ಕತ್ತರಿಸುತ್ತದೆ. ಒಂದೇ ನಕ್ಷೆಗಾದರೆ ನನ್ನ ಆಯ್ಕೆ ಇದೇ. ಎರಡು ವರ್ಷಗಳನ್ನು ಅಕ್ಕಪಕ್ಕ ಇಡುವಾಗ ಮಾತ್ರ ಬೇಡ. ಪ್ರತಿ ನಕ್ಷೆಗೂ ಬೇರೆ ಗಡಿ ಹಾಕಿಬಿಡುತ್ತದೆ, ಹೋಲಿಕೆಗೆ ಅರ್ಥವಿರುವುದಿಲ್ಲ. ಆಗ 10, 15, 20 ಎಂಬಂತೆ ದುಂಡು ಸಂಖ್ಯೆಗಳನ್ನು ಕೈಯಾರೆ ಹಾಕಿ ಎರಡಕ್ಕೂ ಅದನ್ನೇ ಬಳಸಿ.

ನಾಲ್ಕರಿಂದ ಆರು ವರ್ಗ ಸಾಕು. ಹತ್ತು ಛಾಯೆಯಲ್ಲಿ ಏಳನೆಯದು ಯಾವುದು, ಎಂಟನೆಯದು ಯಾವುದು ಎಂದು ಯಾರೂ ಗುರುತಿಸಲಾರರು.

## ಹಂತ 8: ಈಗ ಬಣ್ಣ

ಕಡಿಮೆಯಿಂದ ಹೆಚ್ಚಿಗೆ ಹೋಗುವ ಬೆಲೆಗೆ ಒಂದೇ ಬಣ್ಣದ ತಿಳಿಯಿಂದ ಗಾಢ. ಸರಾಸರಿಗಿಂತ ಮೇಲೆ-ಕೆಳಗೆ ತೋರಿಸಲು ಎರಡು ಬಣ್ಣ, ನಡುವೆ ತಿಳಿ. ಭಾಷೆ, ಧರ್ಮ, ಉದ್ಯೋಗದಂಥ ಬಗೆಗಳಿಗೆ ಮಾತ್ರ ಬೇರೆ ಬೇರೆ ಬಣ್ಣ. ಕಾಮನಬಿಲ್ಲು ಬೇಡ: ಹಳದಿ ಹೆಚ್ಚೋ ಹಸಿರು ಹೆಚ್ಚೋ ಅಂತ ಹೇಳುವ ಕ್ರಮ ಕಣ್ಣಿಗೆ ಗೊತ್ತಿಲ್ಲ. ಕೆಂಪು-ಹಸಿರು ಜೋಡಿಯನ್ನೂ ಬಿಡಿ, ಆ ಎರಡನ್ನು ಬೇರೆ ಮಾಡಿ ನೋಡಲಾಗದವರು ಬಹಳ ಇದ್ದಾರೆ. ಕ್ಯೂಜಿಐಎಸ್ ಒಳಗೇ ನಕ್ಷೆಗೆಂದೇ ಆರಿಸಿದ ಕಲರ್‌ಬ್ರೂವರ್ ಬಣ್ಣಗಳಿವೆ, ಅವನ್ನೇ ಬಳಸಿ.

ದತ್ತಾಂಶ ಇಲ್ಲದ ಪ್ರದೇಶಕ್ಕೆ ಬೂದು. ಇದನ್ನು ಮರೆಯುವುದು ಸುಲಭ, ಏಕೆಂದರೆ 'ಗ್ರಾಜುಯೇಟೆಡ್' ಶೈಲಿಯಲ್ಲಿ ನಲ್ ಇರುವ ಪ್ರದೇಶ ಬಿಡಿಸುವುದೇ ಇಲ್ಲ. ಹಾಳೆಯ ಬಿಳಿ ಕಾಣುತ್ತದೆ, ನೋಡಿದವರು 'ಓ, ಇಲ್ಲಿ ತೀರಾ ಕಡಿಮೆ' ಅಂದುಕೊಳ್ಳುತ್ತಾರೆ. ಅದೇ ಗಡಿ ಲೇಯರ್‌ನ ಇನ್ನೊಂದು ಪ್ರತಿಯನ್ನು ಪೂರ್ತಿ ಬೂದು ಮಾಡಿ ಕೆಳಗೆ ಹಾಸಿಬಿಡಿ, ಮುಗಿಯಿತು.

## ಹಂತ 9: ದೂರವನ್ನು ಹಕ್ಕಿಯ ಹಾಗೆ ಅಳೆಯಬೇಡಿ

ಪ್ರಶ್ನೆಯ ಎರಡನೆಯ ಅರ್ಧಕ್ಕೆ ಬಂದೆವು. ಆಸ್ಪತ್ರೆಯ ಸುತ್ತ 1 ಕಿಲೋಮೀಟರ್ ಬಫರ್, ಅಂದರೆ ವೃತ್ತ, ಎಳೆದು, ಒಳಗಿದ್ದವರಿಗೆಲ್ಲ ಹತ್ತಿರ ಅನ್ನುವುದು ರೂಢಿ. ನಡುವೆ ಹಳಿಯೋ ಹೊಳೆಯೋ ಇದ್ದರೆ? ಕಣ್ಣೆದುರಿನ ಆಸ್ಪತ್ರೆಗೆ ಸೇತುವೆ ಹುಡುಕಿ ಸುತ್ತಿ ಬರಬೇಕು.

ಕ್ಯೂಜಿಐಎಸ್‌ನ ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನಲ್ಲಿ ನೆಟ್‌ವರ್ಕ್ ಅನಾಲಿಸಿಸ್ ಕೆಳಗೆ 'ಸರ್ವೀಸ್ ಏರಿಯಾ' ಇದೆ. ರಸ್ತೆ ಲೇಯರ್, ಆಸ್ಪತ್ರೆ ಲೇಯರ್, ದೂರ ಕೊಡಿ. ಆ ದೂರದೊಳಗೆ ತಲುಪಬಹುದಾದ ರಸ್ತೆಗಳು ಗೆರೆಗಳಾಗಿ ಬರುತ್ತವೆ. ಎರಡೂ ಲೇಯರ್ ಮೀಟರ್‌ನಲ್ಲಿರಬೇಕು, ಹಂತ 5ರ ಯುಟಿಎಂ ಇಲ್ಲಿ ಕೆಲಸಕ್ಕೆ ಬರುತ್ತದೆ. ಡಿಗ್ರಿಯಲ್ಲಿದ್ದರೆ 1000 ಎಂದು ಕೊಟ್ಟದ್ದು 1000 ಡಿಗ್ರಿ ಆಗಿ ಇಡೀ ಊರೇ 'ಹತ್ತಿರ' ಎಂದು ಬರುತ್ತದೆ. ಒಂದು ಚಿಕ್ಕ ರಸ್ತೆ ಮಾತ್ರ ಬಂದು ಸುತ್ತಲಿನದು ಬಿಟ್ಟುಹೋದರೆ, ಕೂಡುರಸ್ತೆಯಲ್ಲಿ ಗೆರೆಗಳು ಒಂದಕ್ಕೊಂದು ತಾಗಿಲ್ಲ. ಜೂಮ್ ಮಾಡಿದರೆ ಕೂದಲೆಳೆಯ ಬಿರುಕು ಕಾಣುತ್ತದೆ.

ಇನ್ನೊಂದು ಮಾತು. ನಗರದ ಗಡಿಯಾಚೆಗಿನ ಆಸ್ಪತ್ರೆಗಳನ್ನೂ ಸೇರಿಸಿ. ಗಡಿಯಂಚಿನ ವಾರ್ಡ್‌ನವರು ಪಕ್ಕದ ಪಟ್ಟಣಕ್ಕೆ ಹೋಗುತ್ತಿರಬಹುದು. ಫೈಲ್ ಅಲ್ಲಿಗೆ ಮುಗಿದಿದೆ ಎಂದು ಜನ ಅಲ್ಲೇ ನಿಲ್ಲುವುದಿಲ್ಲ. ಅಂಚಿನ ವಾರ್ಡ್‌ಗಳೆಲ್ಲ ಒಂದೇ ಸಮನೆ 'ದೂರ' ಎಂದು ಬಂದರೆ ಇದೇ ಕಾರಣ ಎಂದು ಮೊದಲು ಅನುಮಾನಿಸಿ.

## ಹಂತ 10: ನಕ್ಷೆಯನ್ನು ಓದುವ ಮುನ್ನ ಅನುಮಾನಿಸಿ

ಗಾಢ ಬಣ್ಣದ ವಾರ್ಡ್‌ಗಳು ಒಂದೆಡೆ ಗುಂಪಾಗಿ ಕಂಡ ಕೂಡಲೇ ಕಾರಣ ಹೇಳಲು ಹೊರಡಬೇಡಿ. ಸುಮ್ಮನೆ ಎಸೆದ ಚುಕ್ಕೆಗಳಲ್ಲೂ ಕಣ್ಣು ಗುಂಪು ಕಾಣುತ್ತದೆ. ಗುಂಪು ನಿಜವೇ ಎಂದು ತಿಳಿಯಲು ಮೊರಾನ್ ಸೂಚ್ಯಂಕ ಇದೆ. ಉಚಿತವಾಗಿ ಸಿಗುವ ಜಿಯೋಡಾ ಪ್ರೋಗ್ರಾಂನಲ್ಲಿ ಲೆಕ್ಕ ಹಾಕಬಹುದು. ಸೊನ್ನೆಯ ಹತ್ತಿರ ಬಂದರೆ ಗುಂಪಿಲ್ಲ, 1ರ ಕಡೆ ಹೋದಷ್ಟೂ ಹೆಚ್ಚು ಕಡಿಮೆಗಳು ತಮ್ಮಂಥವುಗಳ ಪಕ್ಕದಲ್ಲೇ ಇವೆ ಎಂದರ್ಥ.

ಪ್ರದೇಶದ ಗುಣವನ್ನು ವ್ಯಕ್ತಿಗೆ ಅಂಟಿಸಬೇಡಿ. ವೃದ್ಧರು ಹೆಚ್ಚಿರುವ ವಾರ್ಡ್‌ಗಳಲ್ಲಿ ಕಾರು ಹೆಚ್ಚಿವೆ ಎಂದರೆ ವೃದ್ಧರ ಹತ್ತಿರ ಕಾರಿದೆ ಎಂದಲ್ಲ. ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞ 1950ರಲ್ಲಿ, ಅಮೆರಿಕದ 1930ರ ಜನಗಣತಿ ಇಟ್ಟುಕೊಂಡು ಇದನ್ನು ತೋರಿಸಿದರು. ವಿದೇಶದಲ್ಲಿ ಹುಟ್ಟಿದವರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆಯಿತ್ತು, ಸಂಬಂಧ ಸುಮಾರು ಋಣ 0.53. ಆದರೆ ಒಬ್ಬೊಬ್ಬ ವ್ಯಕ್ತಿಯನ್ನು ನೋಡಿದರೆ ವಿದೇಶದಲ್ಲಿ ಹುಟ್ಟಿದವರಲ್ಲೇ ಅನಕ್ಷರತೆ ಕೊಂಚ ಹೆಚ್ಚು, ಸುಮಾರು ಧನ 0.12. ಅವರು ಹೋಗಿ ನೆಲೆಸಿದ್ದು ಮೊದಲೇ ಓದು ಬರಹ ಚೆನ್ನಾಗಿದ್ದ ರಾಜ್ಯಗಳಲ್ಲಿ, ಅದಕ್ಕೇ ಚಿಹ್ನೆ ತಿರುಗಿಹೋಯಿತು.

ಕೊನೆಗೆ ಹೊಂದದ ಜಾಗಗಳನ್ನು ಹುಡುಕಿ. ವೈದ್ಯ ಜಾನ್ ಸ್ನೋ 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಕಾಲರಾ ಸಾವುಗಳನ್ನು ಗುರುತಿಸಿದಾಗ, ಪಂಪಿನ ಹತ್ತಿರವಿದ್ದರೂ ಸಾವು ವಿರಳವಾಗಿದ್ದ ಎರಡು ಜಾಗಗಳಿದ್ದವು. ಒಂದು ಬಡವರ ಆಶ್ರಯಾಲಯ, ಅದಕ್ಕೆ ಸ್ವಂತ ಬಾವಿ ಇತ್ತು. ಇನ್ನೊಂದು ಮದ್ಯ ತಯಾರಿಸುವ ಜಾಗ, ಅಲ್ಲಿಯವರು ಆ ಪಂಪಿನ ನೀರನ್ನೇ ಮುಟ್ಟುತ್ತಿರಲಿಲ್ಲ. ಚುಕ್ಕೆ ಹೆಚ್ಚಿದ್ದ ಕಡೆ ಜನವೂ ಹೆಚ್ಚಿದ್ದಿರಬಹುದಲ್ಲ ಎಂದು ವಾದಿಸಬಹುದಿತ್ತು. ಈ ಎರಡು ಖಾಲಿ ಜಾಗಗಳಿಗೆ ಆ ವಾದ ನಡೆಯುವುದಿಲ್ಲ. ನಿಮ್ಮ ನಕ್ಷೆಯಲ್ಲೂ ಗಾಢದ ನಡುವೆ ಒಂಟಿಯಾಗಿರುವ ತಿಳಿ ವಾರ್ಡ್ ಇದ್ದರೆ, ಸಾಧ್ಯವಾದರೆ ಅಲ್ಲಿಗೇ ಹೋಗಿ ನೋಡಿ. ವಿದ್ಯಾರ್ಥಿಗಳ ದೊಡ್ಡ ಹಾಸ್ಟೆಲ್ ಒಂದೇ ಅಲ್ಲಿನ ವೃದ್ಧರ ಪಾಲನ್ನು ಇಳಿಸಿರಬಹುದು.

## ಹಂತ 11: ಹೊರಗೆ ಕೊಡುವ ಮುನ್ನ

ಪ್ರಿಂಟ್ ಲೇಔಟ್‌ನಲ್ಲಿ ಶೀರ್ಷಿಕೆ, ಬಣ್ಣಗಳ ವಿವರಣೆ, ಅಂಕಿಯ ವರ್ಷ, ಗಡಿಯ ವರ್ಷ, ಮೂಲ, ಛೇದ ಯಾವುದು ಎಂಬ ಒಂದು ಸಾಲು. ನಗರದ ನಕ್ಷೆಗೆ ಅಳತೆಪಟ್ಟಿ ಇರಲಿ. ಪ್ರಪಂಚದ ನಕ್ಷೆಗೆ ಬೇಡ, ಅಲ್ಲಿ ಪ್ರತಿ ಅಕ್ಷಾಂಶಕ್ಕೂ ಅಳತೆ ಬೇರೆ.

ಮನೆಗಳನ್ನು ಚುಕ್ಕೆಯಾಗಿ ತೋರಿಸುವ ನಕ್ಷೆಯನ್ನು ಹಾಗೆಯೇ ಹಂಚಬೇಡಿ. ರೋಗಿಯ ಹೆಸರು ತೆಗೆದಿದ್ದೀರಿ, ಸರಿ. ಆದರೆ ಉಪಗ್ರಹ ಚಿತ್ರದ ಮೇಲೆ ಆ ಚುಕ್ಕೆ ಇಟ್ಟರೆ ಮನೆ ಯಾವುದೆಂದು ಯಾರಿಗೂ ತಿಳಿಯುತ್ತದೆ. ವಾರ್ಡ್ ಮಟ್ಟಕ್ಕೆ ಕೂಡಿಸಿ, ಎಣಿಕೆ ತೀರಾ ಸಣ್ಣದಿದ್ದರೆ ಮರೆಮಾಡಿ. ಚಿತ್ರವನ್ನಷ್ಟೇ ಕಳಿಸಿ, ಮೂಲ ಫೈಲ್ ಬೇಡ. ಚಿತ್ರದಲ್ಲಿ ಕಾಣದ ಕಾಲಂಗಳೂ ಫೈಲ್‌ನ ಟೇಬಲ್‌ನಲ್ಲಿ ಹಾಗೇ ಕುಳಿತಿರುತ್ತವೆ.

ಮೂಲ ಸಿಎಸ್‌ವಿ, ಶುಚಿ ಮಾಡಿದ ಸಿಎಸ್‌ವಿ, ಗಡಿ, ಪ್ರಾಜೆಕ್ಟ್ ಫೈಲ್ ನಾಲ್ಕನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಟು, ಏನೇನು ಬದಲಿಸಿದಿರಿ ಎಂದು ಒಂದು ಟೆಕ್ಸ್ಟ್ ಫೈಲ್ ಬರೆದಿಡಿ. ಹೊಸ ಅಂಕಿ ಬಂದು ಗಡಿ ಬದಲಾಗದಿದ್ದರೆ ಹಂತ 3ರಿಂದ ಹಿಡಿದರೆ ಸಾಕು, ಗಡಿಯೂ ಬದಲಾಗಿದ್ದರೆ ಹಂತ 2ಕ್ಕೆ ಹೋಗಬೇಕು.